ಡಿಜಿಟಲ್ ಸೌಲಭ್ಯವಂಚಿತರ ನಡುವಿನ ಕೆಲಸಕ್ಕೆ ಯಾವ ಹಣ ಹೊಂದುತ್ತದೆ: ಸಣ್ಣ ಸಂಸ್ಥೆಗಳಿಗೊಂದು ಹೋಲಿಕೆ

ಕರ್ನಾಟಕದ ಹಳ್ಳಿ, ತಾಂಡಾ ಅಥವಾ ನಗರದ ಕೊಳೆಗೇರಿಯಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದು ಅಲ್ಲಿನ ಜನರಿಗೆ ಕಂಪ್ಯೂಟರ್, ಇಂಟರ್ನೆಟ್ ಮತ್ತು ಅವುಗಳನ್ನು ಬಳಸುವ ತಿಳಿವಳಿಕೆ ಒದಗಿಸಲು ಹೊರಟರೆ, ಹಣಕ್ಕಾಗಿ ಅದು ತಟ್ಟಬಹುದಾದ ಬಾಗಿಲುಗಳು ಐದಾರು ಇವೆ. ಕಂಪನಿಗಳ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ನಿಧಿ, ದೇಶದೊಳಗಿನ ದತ್ತಿ ಪ್ರತಿಷ್ಠಾನಗಳು, ವಿದೇಶಿ ಅನುದಾನ, ಸರ್ಕಾರದ ಯೋಜನೆಗಳು ಹಾಗೂ ಜನಪ್ರತಿನಿಧಿಗಳ ಪ್ರದೇಶಾಭಿವೃದ್ಧಿ ನಿಧಿ, ರೋಟರಿಯಂಥ ಸೇವಾ ಕ್ಲಬ್ಬುಗಳು ಮತ್ತು ಬಿಡಿ ದಾನಿಗಳು. ಇವುಗಳಲ್ಲಿ ಯಾವುದು ಹೆಚ್ಚು ಕೊಡುತ್ತದೆ ಎಂದು ನೋಡಿ ಅರ್ಜಿ ಹಾಕುವುದು ರೂಢಿ. ಆದರೆ ಈ ಕೆಲಸದಲ್ಲಿ ಕೆಲವು ವರ್ಷ ಕಳೆದ ನನ್ನ ಅನಿಸಿಕೆ ಬೇರೆ. ಆ ಹಣ ಬಜೆಟ್ಟಿನ ಯಾವ ಸಾಲಿಗೆ ಒಪ್ಪುತ್ತದೆ, ಯಾವ ತಿಂಗಳಲ್ಲಿ ಕೈಸೇರುತ್ತದೆ, ಯೋಜನೆ ಮುಗಿದ ಮೇಲೆ ಸಾಮಾನು ಯಾರ ಹೆಸರಿನಲ್ಲಿ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ, ಮೊತ್ತವನ್ನು ಕೊನೆಗೆ ನೋಡುವುದೇ ಸರಿ.

ಇದಕ್ಕೆ ಕಾರಣ ಡಿಜಿಟಲ್ ಸೌಲಭ್ಯ ಕೈಗೆಟುಕದ ಸ್ಥಿತಿಯ ಸ್ವರೂಪದಲ್ಲೇ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಷ್ಟರಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ. 14.9ರಷ್ಟರಲ್ಲಿ. ಆ ನಂತರ ಮೊಬೈಲ್ ಎಲ್ಲೆಡೆ ಹಬ್ಬಿದ್ದು ನಿಜ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಮಹಿಳೆಯರು ದೇಶದಲ್ಲಿ ಶೇ. 33.3, ಪುರುಷರು ಶೇ. 57.1. ಕರ್ನಾಟಕದಲ್ಲಿ ಮಹಿಳೆಯರು ಶೇ. 35, ಪುರುಷರು ಶೇ. 62.4. ಮನೆಯಲ್ಲಿ ಫೋನ್ ಇದೆ, ಆದರೆ ಅದು ಅವಳ ಕೈಗೆ ಬಂದಿಲ್ಲ ಎಂಬುದನ್ನು ಈ ಅಂತರ ಹೇಳುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ನಡೆದಾಗ ನಾವು ಕಂಡದ್ದೂ ಇದನ್ನೇ. ತಿಂಗಳಿಗೆ 2,000 ರೂಪಾಯಿ ಬರಬೇಕಾದ ಹೆಂಗಸು ಒಟಿಪಿಗಾಗಿ ಮಗನ ಫೋನನ್ನು ಕಾಯುತ್ತಿದ್ದಳು. ಹಣ ಬಾರದಿದ್ದರೆ, ಖಾತೆಗೆ ಆಧಾರ್ ಮ್ಯಾಪಿಂಗ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಬ್ಯಾಂಕಿಗೂ ಗ್ರಾಮ ಒನ್ ಕೇಂದ್ರಕ್ಕೂ ಅಲೆಯುತ್ತಿದ್ದಳು. ಅವಳಿಗೆ ಬೇಕಾದದ್ದು ಟ್ಯಾಬ್ಲೆಟ್ ಅಲ್ಲ, ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ, ಅವಸರವಿಲ್ಲದೆ ಹೇಳಿಕೊಡುವ ಒಬ್ಬರು.

ಆ ಒಬ್ಬರಿಗೆ ಸಂಬಳ ಕೊಡುವ ಅನುದಾನ ಸಿಗುವುದೇ ಕಷ್ಟ. ಒಂದು ಲೆಕ್ಕ ಹಾಕಿ ನೋಡೋಣ. ಹೋಬಳಿ ಮಟ್ಟದಲ್ಲಿ ಮೂರು ವರ್ಷ ನಡೆಯುವ ಒಂದು ಕಲಿಕಾ ಕೇಂದ್ರ ಎಂದಿಟ್ಟುಕೊಳ್ಳಿ. ತಲಾ 15,000 ರೂಪಾಯಿಯಂತೆ ಹತ್ತು ಬಳಸಿದ ಲ್ಯಾಪ್‌ಟಾಪ್‌ಗಳಿಗೆ 1,50,000. ಮೇಜು, ವೈರಿಂಗ್, ಯುಪಿಎಸ್‌ಗೆ 60,000. ತಿಂಗಳಿಗೆ 1,000ದಂತೆ ಬ್ರಾಡ್‌ಬ್ಯಾಂಡ್‌ಗೆ 36,000. ತಿಂಗಳಿಗೆ 12,000ದಂತೆ ಇಬ್ಬರು ಸ್ಥಳೀಯ ತರಬೇತುದಾರರಿಗೆ 8,64,000. ವಿದ್ಯುತ್ತು, ರಿಪೇರಿಗೆ ತಿಂಗಳಿಗೆ 3,000ದಂತೆ 1,08,000. ಆಡಿಟ್ ಮತ್ತು ಲೆಕ್ಕಪತ್ರಕ್ಕೆ ವರ್ಷಕ್ಕೆ 25,000ದಂತೆ 75,000. ಒಟ್ಟು 12,93,000 ರೂಪಾಯಿ. ಈ ದರಗಳು ನಿಮ್ಮೂರಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಆದರೆ ಪಾಲುಗಳು ಹೆಚ್ಚು ಬದಲಾಗುವುದಿಲ್ಲ: ಮೂರರಲ್ಲಿ ಎರಡು ಪಾಲು ಮನುಷ್ಯರಿಗೆ ಹೋಗುತ್ತದೆ, ಲ್ಯಾಪ್‌ಟಾಪ್‌ಗಳಿಗೆ ಹೋಗುವುದು ನೂರಕ್ಕೆ ಹನ್ನೆರಡರ ಆಸುಪಾಸು. ಫೋಟೋಕ್ಕೆ ಚೆನ್ನಾಗಿ ಕಾಣುವುದು ಮಾತ್ರ ಆ ಹನ್ನೆರಡು ಪಾಲು. ಆದ್ದರಿಂದ ಬಹುತೇಕ ಕೊಡುಗೈಗಳು ಅತ್ತಲೇ ಚಾಚುತ್ತವೆ. ಈ ಬರಹದಲ್ಲಿ ಪ್ರತಿಯೊಂದು ಮೂಲವನ್ನೂ ಈ ಲೆಕ್ಕದ ಪಕ್ಕದಲ್ಲಿಟ್ಟೇ ನೋಡಿದ್ದೇನೆ.

ಕಂಪನಿಗಳ ಸಿಎಸ್‌ಆರ್ ಹಣ

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಬೆಂಗಳೂರು, ಮೈಸೂರು, ಹೊಸಪೇಟೆಯ ಸುತ್ತಲಿನ ಸಂಸ್ಥೆಗಳಿಗೆ ಇದು ಅನುಕೂಲ, ಕಾರ್ಖಾನೆಯೇ ಇಲ್ಲದ ತಾಲ್ಲೂಕುಗಳಿಗೆ ಅದೇ ಅಡ್ಡಗೋಡೆ. ಖರ್ಚು ಮಾಡಬಹುದಾದ ವಿಷಯಗಳನ್ನು ಕಾಯ್ದೆಯ 7ನೇ ಅನುಸೂಚಿ ಪಟ್ಟಿ ಮಾಡುತ್ತದೆ. ಡಿಜಿಟಲ್ ಸಾಕ್ಷರತೆ ಎಂಬ ಪ್ರತ್ಯೇಕ ಬಾಬತ್ತು ಅದರಲ್ಲಿಲ್ಲ. ಹೀಗಾಗಿ ಅರ್ಜಿಯನ್ನು ಶಿಕ್ಷಣ ಮತ್ತು ವೃತ್ತಿ ಕೌಶಲ, ಮಹಿಳಾ ಸಬಲೀಕರಣ, ಗ್ರಾಮೀಣಾಭಿವೃದ್ಧಿ ಅಥವಾ ಕೊಳೆಗೇರಿ ಅಭಿವೃದ್ಧಿ ಇವುಗಳಲ್ಲಿ ಒಂದರ ಕೆಳಗೆ ನಿಲ್ಲಿಸಬೇಕು. ಯಾವುದರ ಕೆಳಗೆ ಎಂಬುದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆದರೆ ಕಂಪನಿಯ ಸಿಎಸ್‌ಆರ್ ಸಮಿತಿಯ ಕೆಲಸ ಹಗುರವಾಗುತ್ತದೆ.

ಈ ಬಾಗಿಲು ತೆರೆಯಬೇಕಾದರೆ ನಿಮ್ಮಲ್ಲಿ ಕೆಲವು ಕಾಗದಗಳಿರಬೇಕು. ಜನ ಈಗಲೂ ಹಳೆಯ ಕಲಮುಗಳ ಹೆಸರಿನಿಂದಲೇ ಕರೆಯುವ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ಕಡಿತ) ನೋಂದಣಿಗಳು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ (ಇದು 2021ರ ಏಪ್ರಿಲ್ 1ರಿಂದ ಕಡ್ಡಾಯ), ಮತ್ತು ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ. ಕಳೆದ ವರ್ಷ ಹುಟ್ಟಿದ ಟ್ರಸ್ಟಿಗೆ ಈ ಹಣ ನೇರವಾಗಿ ಬರುವುದಿಲ್ಲ.

ಸಿಎಸ್‌ಆರ್‌ನ ನಿಜವಾದ ತೊಡಕು ಕ್ಯಾಲೆಂಡರಿನದು. ನಿರಂತರ ಯೋಜನೆಗೆ ಸೇರದ ಹಣ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಕಂಪನಿ ಅದನ್ನು ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕಾಗುತ್ತದೆ. ಹೀಗಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಏಕಾಏಕಿ ಕರೆ ಬರುತ್ತದೆ. ಹದಿನೈದು ದಿನದಲ್ಲಿ ಬಿಲ್ ಕೊಡಿ, ಸಾಮಾನು ತಗೊಳ್ಳಿ ಎಂದು. ನಾವೂ ಒಮ್ಮೆ ಹಾಗೆ ಒಪ್ಪಿಕೊಂಡು ಇಪ್ಪತ್ತು ಟ್ಯಾಬ್ಲೆಟ್ ಪಡೆದೆವು. ಸಿಮ್ ರೀಚಾರ್ಜಿಗೆ ಹಣವಿರಲಿಲ್ಲ, ಹೇಳಿಕೊಡುವವರಿಗೆ ಸಂಬಳವಿರಲಿಲ್ಲ. ಎಂಟು ತಿಂಗಳು ಅವು ಗಾದ್ರೇಜ್ ಬೀರುವಿನಲ್ಲಿ ಮಲಗಿದ್ದವು, ತೆಗೆದು ನೋಡಿದಾಗ ನಾಲ್ಕರ ಬ್ಯಾಟರಿ ಉಬ್ಬಿತ್ತು. ತಪ್ಪು ಕೊಟ್ಟವರದಷ್ಟೇ ಅಲ್ಲ, ಬೇಡ ಎನ್ನಲಾಗದೆ ತೆಗೆದುಕೊಂಡ ನಮ್ಮದೂ ಹೌದು.

ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. ಯೋಜನೆಯನ್ನು ಆರಂಭದಲ್ಲೇ ನಿರಂತರ ಯೋಜನೆ ಎಂದು ಮಂಜೂರು ಮಾಡಿಸಿಕೊಂಡರೆ, ಆರಂಭವಾದ ಆರ್ಥಿಕ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳವರೆಗೆ ಅದನ್ನು ನಡೆಸಬಹುದು. ಆ ವರ್ಷ ಉಳಿದ ಹಣವನ್ನು ಕಂಪನಿ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಟ್ಟು ಮುಂದುವರಿಸಬಹುದು. ಸಂಬಳದ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಆಡಳಿತ ವೆಚ್ಚ ಶೇ. 5ನ್ನು ಮೀರಬಾರದು ಎಂಬ ನಿಯಮವನ್ನು ಮುಂದಿಟ್ಟು ಕೆಲವು ಕಂಪನಿಗಳು ತರಬೇತುದಾರರ ಗೌರವಧನವನ್ನೂ ಕತ್ತರಿಸುತ್ತವೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ. ಯೋಜನೆಯನ್ನು ರೂಪಿಸಿ, ನಡೆಸಿ, ಮೇಲ್ವಿಚಾರಣೆ ಮಾಡುವ ನೇರ ಖರ್ಚು ಅದರೊಳಗೆ ಬರುವುದಿಲ್ಲ. ಇದನ್ನು ವಿನಯದಿಂದ, ಆದರೆ ಲಿಖಿತವಾಗಿ ಹೇಳಬೇಕು. ತರಬೇತುದಾರರನ್ನು ಬಜೆಟ್ಟಿನಲ್ಲಿ ‘ಸಿಬ್ಬಂದಿ’ ಎಂಬ ತಲೆಬರಹದಡಿ ಹಾಕದೆ ‘ಕಲಿಕೆಯ ವೆಚ್ಚ’ದಡಿ ತೋರಿಸುವುದೂ ನೆರವಾಗುತ್ತದೆ, ಏಕೆಂದರೆ ಅದು ನಿಜವೂ ಹೌದು.

ಸಾಮಾನಿನ ಒಡೆತನ ಕೊನೆಯ ಅಂಶ. 2021ರ ತಿದ್ದುಪಡಿಯ ನಂತರ ಸಿಎಸ್‌ಆರ್ ಹಣದಿಂದ ಕೊಂಡ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಸಿಎಸ್‌ಆರ್ ನೋಂದಣಿಯಿರುವ ಸಂಸ್ಥೆಯ ಹೆಸರಿನಲ್ಲಿ, ಫಲಾನುಭವಿಗಳ ಸ್ವಸಹಾಯ ಗುಂಪಿನಂಥ ಸಮೂಹದ ಹೆಸರಿನಲ್ಲಿ ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇರಬೇಕು. ನನ್ನ ಮಟ್ಟಿಗೆ ಸ್ವಸಹಾಯ ಸಂಘದ ಹೆಸರೇ ಒಳ್ಳೆಯದು. ನಿಮ್ಮ ಸಂಸ್ಥೆ ನಾಳೆ ಬೇರೆ ಊರಿಗೆ ಹೋದರೂ ಲ್ಯಾಪ್‌ಟಾಪ್ ಅಲ್ಲೇ ಉಳಿಯುತ್ತದೆ.

ದೇಶದೊಳಗಿನ ಪ್ರತಿಷ್ಠಾನಗಳು

ಫೌಂಡೇಶನ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜಾತಿಯ ಸಂಸ್ಥೆಗಳಿವೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಒಂದು, ಕಂಪನಿಯ ವಾರ್ಷಿಕ ಸಿಎಸ್‌ಆರ್ ಹಣವನ್ನು ಖರ್ಚು ಮಾಡುವ ಪ್ರತಿಷ್ಠಾನ. 1996ರಲ್ಲಿ ಆರಂಭವಾದ ಇನ್ಫೋಸಿಸ್ ಫೌಂಡೇಶನ್ ಇದಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮೇಲೆ ಹೇಳಿದ ಸಿಎಸ್‌ಆರ್ ನಿಯಮಗಳು ಇಂಥ ಹಣಕ್ಕೆ ಅನ್ವಯಿಸುತ್ತವೆ. ಇನ್ನೊಂದು, ಸ್ವಂತ ಮೂಲಧನವಿರುವ ದತ್ತಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್‌ಗೆ ಅದರ ಸ್ಥಾಪಕರು ಕೊಟ್ಟ ಷೇರುಗಳ ಒಟ್ಟು ಮೌಲ್ಯ 2019ರ ಮಾರ್ಚ್ ಹೊತ್ತಿಗೆ ಸುಮಾರು 1,45,000 ಕೋಟಿ ರೂಪಾಯಿ. ಟಾಟಾ ಟ್ರಸ್ಟ್ಸ್ ಕೂಡ ಇದೇ ಬಗೆಯದು. ಇಂಥವಕ್ಕೆ ಮಾರ್ಚ್ 31ರ ಗಡಿಬಿಡಿಯಿಲ್ಲ. ಎರಡು ಮೂರು ವರ್ಷಗಳಿಗೆ ಒಟ್ಟಿಗೆ ಒಪ್ಪಿಕೊಳ್ಳುವುದು, ಸಂಬಳವನ್ನು ಕೆಲಸದ ಭಾಗವೆಂದೇ ಕಾಣುವುದು ಇವುಗಳಲ್ಲಿ ಹೆಚ್ಚು. ಅದರ ಬೆಲೆಯೂ ಉಂಟು. ಮೊದಲ ಭೇಟಿಯಿಂದ ಮೊದಲ ಕಂತಿನವರೆಗೆ ತಿಂಗಳುಗಟ್ಟಲೆ ಹಿಡಿಯಬಹುದು, ನಿಮ್ಮ ಲೆಕ್ಕಪತ್ರ, ಆಡಳಿತ ಮಂಡಳಿಯ ಸಭೆಗಳ ನಡಾವಳಿ, ಸಿಬ್ಬಂದಿಯ ಪಿಎಫ್ ವಿವರ ಎಲ್ಲವನ್ನೂ ಕೂಲಂಕಷವಾಗಿ ನೋಡುತ್ತಾರೆ.

ಇಲ್ಲಿ ಅರ್ಜಿಯ ಭಾಷೆಯೂ ಬದಲಾಗಬೇಕು. ಸಿಎಸ್‌ಆರ್ ಸಮಿತಿಗೆ ಎಷ್ಟು ಜನ ಕಲಿತರು ಎಂಬ ಸಂಖ್ಯೆ ಸಾಕಾಗಬಹುದು. ಪ್ರತಿಷ್ಠಾನ ಕೇಳುವುದು, ಕಲಿತ ಮೇಲೆ ಏನಾಯಿತು ಎಂದು. ಟಾಟಾ ಟ್ರಸ್ಟ್ಸ್ ಮತ್ತು ಗೂಗಲ್ ಸೇರಿ 2015ರಲ್ಲಿ ಆರಂಭಿಸಿದ ಇಂಟರ್ನೆಟ್ ಸಾಥಿ ಕಾರ್ಯಕ್ರಮವನ್ನು ನೆನಪಿಸಿಕೊಳ್ಳಿ. ಅಲ್ಲಿ ಕೇಂದ್ರ ಕಟ್ಟಲಿಲ್ಲ. ಊರಿನ ಹೆಣ್ಣುಮಗಳಿಗೇ ಫೋನು, ಟ್ಯಾಬ್ಲೆಟ್ ಮತ್ತು ಸೈಕಲ್ ಕೊಟ್ಟು, ಅವಳು ಮನೆಮನೆಗೆ ಹೋಗಿ ಇತರ ಹೆಂಗಸರಿಗೆ ಕಲಿಸುವಂತೆ ಮಾಡಿದರು. ಹಣ ಕೊಡುವವರು ಮನಸ್ಸು ಮಾಡಿದರೆ ಮನುಷ್ಯರ ಮೇಲೆ ಹೂಡಬಹುದು ಎಂಬುದಕ್ಕೆ ಅರ್ಜಿಯಲ್ಲಿ ಉಲ್ಲೇಖಿಸಬಹುದಾದ ನಿದರ್ಶನವಿದು. ತಾಳ್ಮೆಯಿಂದ ಕಾಯಬಲ್ಲ, ಲೆಕ್ಕ ಅಚ್ಚುಕಟ್ಟಾಗಿ ಇಟ್ಟಿರುವ ಸಂಸ್ಥೆಗೆ ನಾನು ಮೊದಲು ಸೂಚಿಸುವುದು ಈ ಮೂಲವನ್ನೇ.

ವಿದೇಶಿ ಅನುದಾನ

ಡಿಜಿಟಲ್ ಒಳಗೊಳ್ಳುವಿಕೆಗೆ ಎಂದೇ ಮೀಸಲಾದ ಅನುದಾನಗಳು ಹೆಚ್ಚಾಗಿ ಇರುವುದು ಹೊರಗಡೆ. ಏಷ್ಯಾ ಪೆಸಿಫಿಕ್ ಪ್ರದೇಶಕ್ಕೆ ಎಪಿನಿಕ್ ಫೌಂಡೇಶನ್ ನಡೆಸುವ ಐಸಿಫ್ ಏಷ್ಯಾ, ಇಂಟರ್ನೆಟ್ ಸೊಸೈಟಿ ಫೌಂಡೇಶನ್ ಮೊದಲಾದವು ಸಂಪರ್ಕ ಜಾಲ, ಸಮುದಾಯದ ವೈಫೈ, ಕೌಶಲಗಳನ್ನೇ ನೇರವಾಗಿ ವಿಷಯವಾಗಿ ಇಟ್ಟುಕೊಂಡಿವೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಬೆಳೆಸಿದ ಸಮುದಾಯದ ವೈಫೈ ಜಾಲದಂಥ ಪ್ರಯೋಗವನ್ನು ವಿವರಿಸಿದರೆ ಇಂಥ ಅನುದಾನದಾರರಿಗೆ ಕೂಡಲೇ ಅರ್ಥವಾಗುತ್ತದೆ. ನಮ್ಮ ಜಿಲ್ಲಾ ಕೇಂದ್ರದ ಕಂಪನಿಯವರಿಗೆ ಅದನ್ನು ಅರ್ಥಮಾಡಿಸಲು ಅರ್ಧ ದಿನ ಬೇಕು.

ಆದರೆ ಬಾಗಿಲಲ್ಲೇ ಎಫ್‌ಸಿಆರ್‌ಎ ಇದೆ. 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಪಡೆಯಲು ಸಂಸ್ಥೆ ಮೂರು ವರ್ಷ ಹಳೆಯದಾಗಿದ್ದು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಅದಕ್ಕಿಂತ ದೊಡ್ಡ ಹೊಡೆತವೆಂದರೆ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ಅದು ಪೂರ್ತಿ ನಿಲ್ಲಿಸಿತು. ಅದಕ್ಕೆ ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆ ಅನುದಾನ ತಂದು, ಎಫ್‌ಸಿಆರ್‌ಎ ನೋಂದಣಿ ಇರುವ ರಾಯಚೂರಿನ ಸಣ್ಣ ಸಂಸ್ಥೆಗೆ ಅದರಲ್ಲಿ ಪಾಲು ಕೊಡುವ ದಾರಿಯಿತ್ತು. ಈಗ ಆ ದಾರಿ ಮುಚ್ಚಿದೆ, ಪ್ರತಿಯೊಬ್ಬರೂ ವಿದೇಶಿ ದಾನಿಯನ್ನು ನೇರವಾಗಿಯೇ ಹುಡುಕಿಕೊಳ್ಳಬೇಕು. ವರ್ಷದ ವಹಿವಾಟು ಐದಾರು ಲಕ್ಷ ಇರುವ ಸಂಸ್ಥೆ ಕೇವಲ ಕಂಪ್ಯೂಟರ್ ಕೇಂದ್ರಕ್ಕಾಗಿ ಎಫ್‌ಸಿಆರ್‌ಎ ಬೆನ್ನು ಹತ್ತುವುದು ನನಗೆ ಲಾಭದ ದಾರಿ ಎನಿಸುವುದಿಲ್ಲ. ಆಡಿಟರ್ ಶುಲ್ಕ, ವಾರ್ಷಿಕ ವರದಿ, ಐದು ವರ್ಷಕ್ಕೊಮ್ಮೆ ನವೀಕರಣ, ಇವಿಷ್ಟನ್ನು ಹೊರಲು ಒಬ್ಬ ಲೆಕ್ಕಿಗರೇ ಬೇಕು.

ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಂದ ಸಹಾಯ ಪಡೆಯುವಾಗಲೂ ಈ ಕಾಯ್ದೆ ನೆನಪಿರಬೇಕು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದೇಣಿಗೆ ವಿದೇಶಿ ವಂತಿಗೆ ಅಲ್ಲ, ಅದನ್ನು ಸಾಮಾನ್ಯ ಖಾತೆಯಲ್ಲೇ ಪಡೆಯಬಹುದು. ಅದೇ ಊರಿನ, ಅದೇ ಶಾಲೆಯಲ್ಲಿ ಓದಿದ ಗೆಳೆಯ ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವನ ಹಣ ವಿದೇಶಿ ವಂತಿಗೆ. ಅಲ್ಲಿನ ಕನ್ನಡ ಕೂಟ ತನ್ನ ಸಂಘದ ಖಾತೆಯಿಂದ ಕಳಿಸಿದರೂ ಹಾಗೆಯೇ. ಹಬ್ಬದ ಊಟದ ಹೊತ್ತಿನಲ್ಲಿ ಪಾಸ್‌ಪೋರ್ಟ್ ಯಾವುದೆಂದು ಕೇಳುವುದು ಮುಜುಗರದ ಸಂಗತಿ. ಆದರೂ ಕೇಳಿ, ಅದರ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಳ್ಳಲೇಬೇಕು.

ಸರ್ಕಾರದ ಹಣ ಮತ್ತು ಸರ್ಕಾರದ ಜಾಗ

ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರ ಫೆಬ್ರುವರಿಯಲ್ಲಿ 2,351.38 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಮಂಜೂರಾಗಿ, 6 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಿಗೆ ಕಲಿಸುವ ಗುರಿಯಿಟ್ಟುಕೊಂಡು, 2024ರ ಮಾರ್ಚ್ 31ಕ್ಕೆ ಮುಗಿಯಿತು. ತರಬೇತಿ ಪಡೆದವರ ಲೆಕ್ಕ 6.39 ಕೋಟಿ. ಕಲಿಕೆ 20 ಗಂಟೆಯದು, ಪ್ರಮಾಣಪತ್ರ ಪಡೆದ ಒಬ್ಬ ಅಭ್ಯರ್ಥಿಗೆ ತರಬೇತಿ ಕೇಂದ್ರಕ್ಕೆ ಸಿಗುತ್ತಿದ್ದದ್ದು 300 ರೂಪಾಯಿ. ಈ ಯೋಜನೆ ಮುಗಿದಿದ್ದರೂ ಇದರ ಮಾದರಿಯನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಕೌಶಲ ತರಬೇತಿಯ ಇತರ ಸರ್ಕಾರಿ ಯೋಜನೆಗಳೂ ಫಲಿತಾಂಶ ನೋಡಿ ಹಣ ಕೊಡುವ ದಾರಿಯನ್ನು ಹಿಡಿಯುತ್ತವೆ. ಮೊದಲು ಕೈಯಿಂದ ಹಾಕಿ, ಪರೀಕ್ಷೆ ಮುಗಿದ ಮೇಲೆ ಕಾಯಬೇಕು. ಕೈಯಲ್ಲಿ ಬಂಡವಾಳವಿಲ್ಲದ ಸಂಸ್ಥೆಗೆ ಇದು ಹಿಡಿಸದು. ಇನ್ನೂ ಒಂದು ದೋಷವಿದೆ: ತಲೆಗೆ ಇಷ್ಟೆಂದು ಹಣ ಬರುವಾಗ, ಬೇಗ ಕಲಿಯುವ ಹದಿನೆಂಟರ ಹುಡುಗನನ್ನು ಕೂರಿಸಿಕೊಂಡು ಐವತ್ತೈದರ ಅಜ್ಜಿಯನ್ನು ಬಿಡುವ ಆಸೆ ಯಾರಿಗಾದರೂ ಬರುತ್ತದೆ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರ ನಿಧಿ 2 ಕೋಟಿ ರೂಪಾಯಿ. ಸಂಸದರ ನಿಧಿ ಬಾಳಿಕೆ ಬರುವ ಸಮುದಾಯದ ಆಸ್ತಿಗಳಿಗೆ ಮಾತ್ರ, ಮರುಕಳಿಸುವ ಖರ್ಚಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಸಾರ್ವಜನಿಕ ಕಟ್ಟಡಕ್ಕೆ ಕಂಪ್ಯೂಟರ್ ಬೇಕಿದ್ದರೆ ಕೇಳಿ, ತರಬೇತುದಾರರಿಗಾಗಿ ಕೇಳಬೇಡಿ. ದೂರಸಂಪರ್ಕ ಕಂಪನಿಗಳ ಲೆವಿಯಿಂದ ಕೂಡುವ ಡಿಜಿಟಲ್ ಭಾರತ್ ನಿಧಿಯ ಹೆಸರು ಕೇಳಿ ಆಸೆಪಡುವವರಿದ್ದಾರೆ. ಅದು ಭಾರತ್‌ನೆಟ್‌ನಂಥ ಜಾಲ ಕಟ್ಟುವವರ ನಿಧಿ, ಸಣ್ಣ ಸಂಸ್ಥೆಯ ಅರ್ಜಿಗೆ ಅಲ್ಲಿ ಜಾಗ ಕಡಿಮೆ. 2020ರ ಡಿಸೆಂಬರಿನಲ್ಲಿ ಸಂಪುಟ ಒಪ್ಪಿದ ಪಿಎಂ-ವಾಣಿ ವ್ಯವಸ್ಥೆಯಲ್ಲಿ ಕಿರಾಣಿ ಅಂಗಡಿಯೂ ಪರವಾನಗಿಯಿಲ್ಲದೆ ವೈಫೈ ಹಂಚಬಹುದು. ಅಲ್ಲಿ ಹಾಗೆ ಹಂಚುವವರನ್ನು ಪಿಡಿಒ (ಪಬ್ಲಿಕ್ ಡೇಟಾ ಆಫೀಸ್) ಎನ್ನುತ್ತಾರೆ, ಹಳ್ಳಿಯಲ್ಲಿ ಆ ಮಾತು ಹೇಳಿದರೆ ಎಲ್ಲರೂ ಪಂಚಾಯಿತಿ ಕಚೇರಿಯತ್ತ ನೋಡುತ್ತಾರೆ. ಅದು ಅನುದಾನವಲ್ಲ, ಸಣ್ಣ ವ್ಯಾಪಾರ. ಆದರೂ ನಿಮ್ಮ ಬ್ರಾಡ್‌ಬ್ಯಾಂಡ್ ಖರ್ಚಿನ ಸ್ವಲ್ಪ ಭಾಗವನ್ನು ಅದು ಹೊರಬಹುದು.

ಸರ್ಕಾರದಿಂದ ಸಿಗುವ ಅತಿ ಬೆಲೆಬಾಳುವ ವಸ್ತು ನನ್ನ ಪ್ರಕಾರ ಹಣವಲ್ಲ, ಅರಿವು ಕೇಂದ್ರ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವು ಅರಿವು ಕೇಂದ್ರಗಳು. ಅಲ್ಲಿ ಕೊಠಡಿಯಿದೆ, ಮೇಲ್ವಿಚಾರಕರಿದ್ದಾರೆ, ಹಲವೆಡೆ ಕಂಪ್ಯೂಟರ್ ಮತ್ತು ಸಂಪರ್ಕವೂ ಇದೆ. ಶಿಕ್ಷಣ ಫೌಂಡೇಶನ್, ಡೆಲ್ ಕಂಪನಿ ಮತ್ತು ಇಲಾಖೆ ಸೇರಿ ನಡೆಸಿದ ಗ್ರಾಮ ಡಿಜಿ ವಿಕಸನ ಕಾರ್ಯಕ್ರಮ ಇಂಥ ಗ್ರಂಥಾಲಯಗಳನ್ನೇ ನೆಲೆಯಾಗಿ ಬಳಸಿಕೊಂಡಿತು. ನಿಮ್ಮ ತರಬೇತುದಾರರನ್ನು ಅರಿವು ಕೇಂದ್ರದಲ್ಲಿ ಕೂರಿಸಲು ಪಂಚಾಯಿತಿ ನಿರ್ಣಯ ಮಾಡಿದರೆ, ಮೇಲಿನ ನಮ್ಮ 12,93,000ದ ಲೆಕ್ಕದಿಂದ ಮೇಜು, ವೈರಿಂಗ್, ವಿದ್ಯುತ್ತಿನ ದೊಡ್ಡ ಭಾಗ, ಎಷ್ಟೋ ಕಡೆ ಲ್ಯಾಪ್‌ಟಾಪ್ ಕೂಡ ಉದುರಿಹೋಗುತ್ತದೆ. ಉಳಿಯುವುದು ಬಹುತೇಕ ಸಂಬಳ ಮಾತ್ರ. ಬಾಯಿಮಾತಿನ ಒಪ್ಪಿಗೆ ಸಾಲದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾದ ದಿನ ಅದು ಮುಗಿಯುತ್ತದೆ. ಸಾಮಾನ್ಯ ಸಭೆಯ ನಿರ್ಣಯದ ಪ್ರತಿಯನ್ನೇ ಪಡೆಯಿರಿ.

ಊರಿನ ದಾನಿಗಳು, ಕ್ಲಬ್ಬುಗಳು, ಹಳೆಯ ಕಂಪ್ಯೂಟರುಗಳು

ರೋಟರಿಯ ಗ್ಲೋಬಲ್ ಗ್ರಾಂಟ್‌ನ ಬಜೆಟ್ ಕನಿಷ್ಠ 30,000 ಡಾಲರ್ ಇರಬೇಕು, ಎರಡು ದೇಶಗಳ ರೋಟರಿ ಘಟಕಗಳು ಜೊತೆಗೂಡಬೇಕು. ಅರ್ಜಿದಾರರು ಕ್ಲಬ್ಬಿನವರೇ ಹೊರತು ನೀವಲ್ಲ. ಹೋಬಳಿಯ ಕೇಂದ್ರಕ್ಕೆ ಅದು ದೊಡ್ಡದಾಯಿತು. ಸ್ಥಳೀಯ ಕ್ಲಬ್ಬಿನ ಸದಸ್ಯರು ತಾವೇ ಕೂಡಿಸುವ ಹಣ ಅಥವಾ ರೋಟರಿ ಜಿಲ್ಲೆಯ ಅನುದಾನ ಯುಪಿಎಸ್, ಪ್ರೊಜೆಕ್ಟರ್‌ಗಳಿಗೆ ಸರಿಹೊಂದುತ್ತದೆ. ಜೂನ್ 30ಕ್ಕೆ ಕ್ಲಬ್ಬಿನ ಪದಾಧಿಕಾರಿಗಳು ಬದಲಾಗುತ್ತಾರೆ ಎಂಬುದನ್ನು ಗಮನದಲ್ಲಿಟ್ಟು, ಹೊಸ ಅಧ್ಯಕ್ಷರು ಬಂದ ಜುಲೈನಲ್ಲೇ ಹೋಗಿ ಮಾತಾಡಿ.

ಬಿಡಿ ದಾನಿಗಳ ಹಣ ಚಿಕ್ಕದು, ಆದರೆ ಅದಕ್ಕೆ ಕಟ್ಟುಪಾಡು ಕಡಿಮೆ, ಸಂಬಳಕ್ಕೂ ಬಳಸಬಹುದು. ತಿಂಗಳಿಗೆ 500 ರೂಪಾಯಿ ಕೊಡುವ ನಲವತ್ತೆಂಟು ಮಂದಿ ಸಿಕ್ಕರೆ ನಮ್ಮ ಇಬ್ಬರು ತರಬೇತುದಾರರ ಗೌರವಧನ ಪೂರ್ತಿ ಹುಟ್ಟುತ್ತದೆ. ಊರಿನಿಂದ ಹೊರಹೋಗಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದರಲ್ಲಿ ಇದು ಅಸಾಧ್ಯದ ಸಂಖ್ಯೆಯಲ್ಲ. ಬೆಂಗಳೂರಿನಲ್ಲೇ 2010ರಲ್ಲಿ ಹುಟ್ಟಿದ ಮಿಲಾಪ್‌ನಂಥ ಜಾಲತಾಣಗಳ ಮೂಲಕ ಒಮ್ಮೆಗೆ ಹಣ ಎತ್ತಬಹುದು. ಆದರೆ ಅಲ್ಲಿ ಜನರ ಮನಸ್ಸು ಕರಗುವುದು ಆಸ್ಪತ್ರೆಯ ಬಿಲ್ಲಿಗೆ, ಬ್ರಾಡ್‌ಬ್ಯಾಂಡ್ ಬಿಲ್ಲಿಗಲ್ಲ. ತೆರಿಗೆ ವಿನಾಯಿತಿಯನ್ನು ದೊಡ್ಡ ಆಕರ್ಷಣೆಯೆಂದು ಹೇಳಿಕೊಳ್ಳಲೂ ಬೇಡಿ. 80ಜಿ ಕಡಿತ ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವುದಿಲ್ಲ, ಸಂಬಳದಾರರಲ್ಲಿ ಹೆಚ್ಚಿನವರು ಈಗ ಅದರಲ್ಲೇ ಇದ್ದಾರೆ. ಹಳೆಯ ಪದ್ಧತಿಯಲ್ಲಿರುವವರಿಗೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ. ಸಾಮಾಜಿಕ ಸಂಸ್ಥೆಗಳು ಹಣ ಎತ್ತಲೆಂದೇ ಇರುವ ಷೇರುಪೇಟೆಯ ವಿಭಾಗವಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರ ಡಿಸೆಂಬರಿನಲ್ಲಿ ಮೊದಲನೆಯದಾಗಿ ಹಣ ಎತ್ತಿದ ಸುದ್ದಿ ಓದಿದವರು ನನ್ನನ್ನು ವಿಚಾರಿಸುತ್ತಾರೆ. ಅದು ಕನಿಷ್ಠ ಅರ್ಧ ಕೋಟಿಯ ಮಾತು, ಸದ್ಯಕ್ಕೆ ನಮ್ಮ ಓದುಗರದಲ್ಲ.

ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳ ದಾನಕ್ಕೆ ಈಗ ಹೊಸ ಎಚ್ಚರಿಕೆಯೊಂದು ಸೇರಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಷ್ಟೋ ಹಳೆಯ ಯಂತ್ರಗಳು ವಿಂಡೋಸ್ 11ನ್ನು ಒಪ್ಪುವುದಿಲ್ಲ. ಹೀಗಾಗಿ ದಾನದ ಪ್ರವಾಹ ಹೆಚ್ಚಿದೆ. ಉಬುಂಟುವಿನಂಥ ಉಚಿತ ಲಿನಕ್ಸ್ ತಂತ್ರಾಂಶ ಹಾಕಿ ನಡೆಸಬಲ್ಲವರು ನಿಮ್ಮಲ್ಲಿದ್ದರೆ ಇದು ಬಂಗಾರದ ಸಮಯ. ಕನ್ನಡ ಟೈಪಿಂಗ್‌ಗೆ ಅದರಲ್ಲೂ ಕೊರತೆಯಿಲ್ಲ. ಅಂಥವರಿಲ್ಲದಿದ್ದರೆ ನೀವು ಪಡೆಯುವುದು ಇ-ತ್ಯಾಜ್ಯ, ಅದನ್ನು ನಿಯಮದಂತೆ ವಿಲೇವಾರಿ ಮಾಡುವ ಹೊಣೆಯೂ ನಿಮ್ಮದೇ. ಒಪ್ಪುವ ಮೊದಲು ಯಂತ್ರಗಳ ಮಾದರಿ, ರ‍್ಯಾಮ್, ಬ್ಯಾಟರಿ ಸ್ಥಿತಿಯ ಪಟ್ಟಿ ಕೇಳಿ. ಹಾರ್ಡ್‌ಡಿಸ್ಕ್ ಕಿತ್ತುಕೊಂಡು ಉಳಿದದ್ದನ್ನು ಮಾತ್ರ ಕೊಡುವವರೂ ಇದ್ದಾರೆ.

ಹಾಗಾದರೆ ಯಾರಿಗೆ ಯಾವುದು

ಮೂರು ವರ್ಷ ತುಂಬದ ಸಂಸ್ಥೆಗೆ ಸಿಎಸ್‌ಆರ್, ಎಫ್‌ಸಿಆರ್‌ಎ ಎರಡೂ ಬಹುತೇಕ ಮುಚ್ಚಿದ ಬಾಗಿಲು. ಅದು ಅರಿವು ಕೇಂದ್ರದ ಜಾಗ, ಮಾಸಿಕ ದಾನಿಗಳು, ಹತ್ತು ದಾನದ ಲ್ಯಾಪ್‌ಟಾಪ್ ಇಷ್ಟರಲ್ಲೇ ಆರಂಭಿಸಿ, ಹಾಜರಿ ಪುಸ್ತಕವನ್ನೂ ಲೆಕ್ಕವನ್ನೂ ಮೊದಲ ದಿನದಿಂದಲೇ ಸರಿಯಾಗಿ ಇಡಬೇಕು. ಮುಂದಿನ ಎಲ್ಲ ಅರ್ಜಿಗಳಿಗೂ ಆ ಪುಸ್ತಕಗಳೇ ಸಾಕ್ಷಿ. ಐದಾರು ವರ್ಷ ಹಳೆಯದಾಗಿ, ವರ್ಷಕ್ಕೆ ಹತ್ತಿಪ್ಪತ್ತು ಲಕ್ಷದ ವಹಿವಾಟಿರುವ ಸಂಸ್ಥೆ ಎರಡು ಮೂಲಗಳನ್ನು ಹೆಣೆಯುವುದು ಒಳ್ಳೆಯದು. ಯಂತ್ರಗಳಿಗೆ ಸಿಎಸ್‌ಆರ್, ಸಂಬಳಕ್ಕೆ ಪ್ರತಿಷ್ಠಾನ ಅಥವಾ ಬಿಡಿ ದಾನಿಗಳು. ಸಂಬಳದ ಹಣ ಖಚಿತವಾಗುವ ತನಕ ಯಂತ್ರದ ಹಣವನ್ನು ಒಪ್ಪಿಕೊಳ್ಳಬೇಡಿ ಎಂಬುದು ಆ ಇಪ್ಪತ್ತು ಟ್ಯಾಬ್ಲೆಟ್‌ಗಳು ನನಗೆ ಕಲಿಸಿದ ಕ್ರಮ. ಸಂಪರ್ಕವೇ ಇಲ್ಲದ ಕಾಡಂಚಿನ ಊರುಗಳಲ್ಲಿ ಜಾಲ ಕಟ್ಟುವ ಆಸೆಯಿರುವ, ಎಫ್‌ಸಿಆರ್‌ಎ ಈಗಾಗಲೇ ಇರುವ ಸಂಸ್ಥೆಗಳು ಮಾತ್ರ ವಿದೇಶಿ ಅನುದಾನವನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಹುದು.

ಯಾವ ಮೂಲವಾದರೂ ಒಡಂಬಡಿಕೆಗೆ ಸಹಿ ಹಾಕುವ ಮೊದಲು ಮೂರು ಸಾಲುಗಳನ್ನು ಹುಡುಕಿ ಓದಿ. ಕಂತು ಬಿಡುಗಡೆ ಯಾವುದಕ್ಕೆ ಅಂಟಿಕೊಂಡಿದೆ, ತಡವಾದರೆ ತರಬೇತುದಾರರ ಸಂಬಳವನ್ನು ಆ ಎರಡು ತಿಂಗಳು ಯಾರು ಕೊಡುತ್ತಾರೆ? ಒಂದು ತಲೆಬರಹದಿಂದ ಇನ್ನೊಂದಕ್ಕೆ ಶೇಕಡ ಎಷ್ಟರವರೆಗೆ ಅನುಮತಿಯಿಲ್ಲದೆ ಹಣ ಬದಲಾಯಿಸಬಹುದು? ಕಲಿಯುವವರ ಬಗ್ಗೆ ಏನೇನು ಮಾಹಿತಿ ಕೇಳುತ್ತಾರೆ? ಈ ಕೊನೆಯದನ್ನು ಸಣ್ಣದೆಂದು ತಳ್ಳಬೇಡಿ. ಹೆಸರು, ಫೋನ್ ಸಂಖ್ಯೆ, ಆಧಾರ್ ಪ್ರತಿ, ಮುಖ ಕಾಣುವ ಫೋಟೋ ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಕಳಿಸಿ ಎನ್ನುವವರಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಪ್ಪಿಗೆಯಿಲ್ಲದೆ ಅದನ್ನು ಹಂಚುವುದು ನಿಮಗೂ ತೊಡಕು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬೆಳಿಗ್ಗೆ ಪಾಠ ಮಾಡಿ, ಸಂಜೆ ಅದೇ ಹೆಂಗಸಿನ ಆಧಾರ್ ಪ್ರತಿಯನ್ನು ಇಮೇಲಿನಲ್ಲಿ ಕಳಿಸಬೇಕಾದ ಷರತ್ತಿದ್ದರೆ, ವಯಸ್ಸಿನ ಗುಂಪು ಮತ್ತು ಸಂಖ್ಯೆಯನ್ನಷ್ಟೇ ಕೊಡುತ್ತೇವೆ ಎಂದು ಒಡಂಬಡಿಕೆಯಲ್ಲೇ ತಿದ್ದಿಸಿಕೊಳ್ಳಿ. ನಾವು ಎರಡು ಬಾರಿ ಹಾಗೆ ಕೇಳಿದ್ದೇವೆ, ಎರಡು ಬಾರಿಯೂ ಒಪ್ಪಿದ್ದಾರೆ.